ಬಸುರಿಯ ಮೈಯಲ್ಲಿ ರಕ್ತದ ಲೆಕ್ಕ

ಮನೆಯಲ್ಲಿ ಸೊಸೆಯೋ ಮಗಳೋ ಬಸುರಿಯಾದಳೆಂದರೆ ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆ. ಹೊಟ್ಟೆ ಮುಂದಕ್ಕೆ ಬಂದಿದೆಯೋ ಅಗಲವಾಗಿದೆಯೋ ಎಂದು ನೋಡಿ, ಹುಟ್ಟುವುದು ಗಂಡೋ ಹೆಣ್ಣೋ ಎಂದು ಊಹಿಸಲು ತೊಡಗುವ ಹಿರಿಯರು ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ಹೊಟ್ಟೆಯ ಆಕಾರಕ್ಕೂ ಮಗು ಗಂಡೋ ಹೆಣ್ಣೋ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ. ಆ ಕುತೂಹಲವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ತಾಯಿಯ ದೇಹದಲ್ಲಿ ನಡೆಯುವ ಬದಲಾವಣೆಗಳಲ್ಲಿ ಅತ್ಯಂತ ದೊಡ್ಡದು ಹೊಟ್ಟೆ ಕಾಣಿಸಿಕೊಳ್ಳುವುದಕ್ಕಿಂತ ಮೊದಲೇ ಆರಂಭವಾಗಿರುತ್ತದೆ. ಅದು ಹೊರಗಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅದು ನಡೆಯುವುದು ರಕ್ತದಲ್ಲಿ. ಹೆರಿಗೆಯ ದಿನ ತಾಯಿ ಸುರಕ್ಷಿತವಾಗಿ ಎದ್ದು ಕೂರುವಳೇ ಎಂಬುದು ಬಹುಮಟ್ಟಿಗೆ ಈ ಕಾಣದ ಬದಲಾವಣೆಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಅದನ್ನೇ ಮುಖ್ಯವಾಗಿಟ್ಟುಕೊಂಡು ಉಳಿದವುಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದಿನಗಳ ಲೆಕ್ಕ. ಒಂಬತ್ತು ತಿಂಗಳು ಒಂಬತ್ತು ದಿನ ಎಂಬ ನಮ್ಮ ಹಿರಿಯರ ಮಾತು ವೈದ್ಯರ ಎಣಿಕೆಗೆ ಬಹಳ ಹತ್ತಿರವಿದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಂದು ವೈದ್ಯರು ಎಣಿಸುತ್ತಾರೆ. ಗರ್ಭ ಕಟ್ಟುವುದು ಸಾಮಾನ್ಯವಾಗಿ ಆ ದಿನದಿಂದ ಎರಡು ವಾರಗಳ ಅನಂತರ. ಹೀಗಾಗಿ ಮುಟ್ಟು ನಿಂತಿತೆಂದು ಗೊತ್ತಾಗುವ ದಿನವೇ ವೈದ್ಯರ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತವೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಮೂಲವಾಗುವ ನಾಳ ಮುಚ್ಚಿಕೊಳ್ಳುವುದು ಆರನೆಯ ವಾರದ ಹೊತ್ತಿಗೆ. ಈ ಕಾರಣದಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬೇಕೆಂದು ಯೋಚಿಸಿದಾಗಲೇ ಆರಂಭಿಸಬೇಕೆಂದು ವೈದ್ಯರು ಹೇಳುವುದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ರೂಢಿ ಅನೇಕ ಮನೆಗಳಲ್ಲಿದೆ. ನೆಂಟರಿಷ್ಟರಿಗೆ ಹೇಳದಿದ್ದರೆ ಅಡ್ಡಿಯಿಲ್ಲ. ಊರಿನ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಹೇಳದೆ ಉಳಿದರೆ ಮಾತ್ರ ಅತ್ಯಮೂಲ್ಯವಾದ ಮೂರು ತಿಂಗಳು ಕೈತಪ್ಪಿ ಹೋಗುತ್ತವೆ.

ಗರ್ಭಕೋಶದ ಗೋಡೆಯಲ್ಲಿ ನೆಲೆಯೂರಿದ ಭ್ರೂಣ ತಾನಿರುವ ಸುದ್ದಿಯನ್ನು ತಾಯಿಯ ದೇಹಕ್ಕೆ ಒಂದು ಹಾರ್ಮೋನಿನ ಮೂಲಕ ತಿಳಿಸುತ್ತದೆ. ಅದಕ್ಕೆ ಎಚ್.ಸಿ.ಜಿ. ಎಂದು ಹೆಸರು. ಔಷಧಿ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯಲ್ಲಿ ಎರಡು ಗೆರೆ ಮೂಡುವುದು ಮೂತ್ರದಲ್ಲಿರುವ ಇದರಿಂದಲೇ. ಮುಂದಿನ ಮುಟ್ಟು ಬಾರದಂತೆ, ಗರ್ಭಕೋಶದ ಒಳಪದರ ಕಳಚಿ ಬೀಳದಂತೆ ಕಾಯುವುದು ಇದರ ಮೊದಲ ಕೆಲಸ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಮಾಸು ಬೆಳೆದು, ಬೇಕಾದ ಹಾರ್ಮೋನುಗಳನ್ನು ತಾನೇ ತಯಾರಿಸಲು ತೊಡಗುತ್ತದೆ.

ವಾಕರಿಕೆ, ವಾಂತಿ, ವಾಸನೆ ಸೇರದಿರುವಿಕೆ ಮೊದಲಾದವು ಆರನೆಯ ವಾರದ ಸುಮಾರಿಗೆ ತಲೆದೋರಿ ನಾಲ್ಕನೆಯ ತಿಂಗಳಲ್ಲಿ ಬಹುಪಾಲು ತಾಯಂದಿರಲ್ಲಿ ಇಳಿಯುತ್ತವೆ. ಇವು ಸಹಜ. ಆದರೆ ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿಯುತ್ತಿದ್ದರೆ ಅದನ್ನು ಬಯಕೆಯ ಸಂಕಟವೆಂದು ಬಿಡಬಾರದು. ಅಂಥವಳಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕು. ಬಯಕೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಹುಳಿ ಬೇಕು, ಮಾವಿನಕಾಯಿ ಬೇಕು ಎಂದರೆ ಸಂತೋಷದಿಂದ ತಂದುಕೊಡೋಣ. ಮಣ್ಣು, ಬೂದಿ, ಸುಣ್ಣದ ಕಡ್ಡಿ, ಹಸಿ ಅಕ್ಕಿ ಇವುಗಳನ್ನು ಗುಟ್ಟಾಗಿ ತಿನ್ನುವ ಹಂಬಲ ಕಂಡರೆ ನಕ್ಕು ಸುಮ್ಮನಾಗುವಂತಿಲ್ಲ. ಅನೇಕ ವೇಳೆ ಅದು ದೇಹದಲ್ಲಿ ಕಬ್ಬಿಣಾಂಶ ಬತ್ತಿರುವುದರ ಕುರುಹು.

ಗರ್ಭಕೋಶದ ಬೆಳವಣಿಗೆ ಅಚ್ಚರಿ ಹುಟ್ಟಿಸುವಂಥದು. ಬಸುರಿಗೆ ಮುಂಚೆ ಅದು ಒಂದು ಸಣ್ಣ ಪೇರಲ ಹಣ್ಣಿನಷ್ಟು. ತೂಕ ಸುಮಾರು 70 ಗ್ರಾಂ. ದಿನ ತುಂಬಿದಾಗ ಅದರ ತೂಕವೇ ಒಂದು ಕಿಲೋಗ್ರಾಂ ಮೀರುತ್ತದೆ, ಒಳಗೆ ಸುಮಾರು 5 ಲೀಟರ್ ಹಿಡಿಯುವಷ್ಟು ಜಾಗವಾಗುತ್ತದೆ. ಹನ್ನೆರಡನೆಯ ವಾರದಲ್ಲಿ ಅದು ಕಿಬ್ಬೊಟ್ಟೆಯ ಎಲುಬಿನ ಮೇಲೆ ಕೈಗೆ ಸಿಗುತ್ತದೆ, ಇಪ್ಪತ್ತನೆಯ ವಾರದಲ್ಲಿ ಹೊಕ್ಕುಳ ಮುಟ್ಟುತ್ತದೆ, ಮೂವತ್ತಾರನೆಯ ವಾರದಲ್ಲಿ ಪಕ್ಕೆಲುಬುಗಳು ಕೂಡುವ ಜಾಗಕ್ಕೆ ಏರುತ್ತದೆ. ಮೊದಲ ಬಸುರಿಯಲ್ಲಿ ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗಿಳಿದು ಹೊಟ್ಟೆ ತುಸು ಜಾರಿದಂತೆ ಕಾಣುತ್ತದೆ. ನಮ್ಮ ಸೂಲಗಿತ್ತಿಯರು ಕೈಬೆರಳ ಅಳತೆಯಿಂದ ತಿಂಗಳು ಹೇಳುತ್ತಿದ್ದುದು ಇದೇ ಲೆಕ್ಕದ ಮೇಲೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಗೌರವ ದೊರೆತದ್ದು ಆ ಕೈಯ ಜ್ಞಾನಕ್ಕೆ. ಆದರೆ ಎಷ್ಟೇ ಪಳಗಿದ ಕೈಯಾದರೂ ಹೊಟ್ಟೆ ಮುಟ್ಟಿ ರಕ್ತದ ಸ್ಥಿತಿಯನ್ನು ಅಳೆಯಲಾರದು.

ಈಗ ರಕ್ತದ ವಿಚಾರಕ್ಕೆ ಬರೋಣ. ಸಾಮಾನ್ಯ ಹೆಣ್ಣುಮಗಳ ದೇಹದಲ್ಲಿ ನಾಲ್ಕು ಲೀಟರಿನಿಂದ ನಾಲ್ಕೂವರೆ ಲೀಟರ್ ರಕ್ತವಿರುತ್ತದೆ. ಬಸುರಿಯಲ್ಲಿ ಇದು ಎರಡನೆಯ ತಿಂಗಳಿನಿಂದಲೇ ಏರತೊಡಗಿ, ಎಂಟನೆಯ ತಿಂಗಳ ಹೊತ್ತಿಗೆ ಸುಮಾರು ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ. ಹೃದಯ ನಿಮಿಷಕ್ಕೆ ಹತ್ತು ಹದಿನೈದು ಬಡಿತ ಹೆಚ್ಚು ಬಡಿಯುತ್ತದೆ. ಅದು ತಳ್ಳುವ ರಕ್ತದ ಪ್ರಮಾಣ ಶೇಕಡಾ 30ರಿಂದ 50ರಷ್ಟು ಏರುತ್ತದೆ. ಕುಳಿತಲ್ಲೇ ಎದೆ ಬಡಿದುಕೊಳ್ಳುತ್ತದೆ ಎಂದು ಬಸುರಿ ಹೇಳಿದರೆ ಅದು ಸೋಮಾರಿತನದ ನೆಪವಲ್ಲ. ಅವಳ ಹೃದಯ ವಿಶ್ರಾಂತಿಯಲ್ಲಿಯೂ ಬೇರೆಯವರದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುತ್ತದೆ.

ಇಷ್ಟೊಂದು ರಕ್ತ ಏಕೆ? ಮಗುವನ್ನು ಸಾಕಲು ಎಂಬುದು ಒಂದು ಉತ್ತರ. ದಿನ ತುಂಬಿದಾಗ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಗರ್ಭಕೋಶಕ್ಕೆ ಹರಿಯುತ್ತಿರುತ್ತದೆ. ಎರಡನೆಯ ಉತ್ತರ ಹೆರಿಗೆಯ ದಿನಕ್ಕೆ ಸಂಬಂಧಿಸಿದ್ದು. ಮಾಸು ಕಳಚಿಕೊಂಡಾಗ ಆ ರಕ್ತನಾಳಗಳ ಬಾಯಿಗಳೆಲ್ಲ ತೆರೆದುಕೊಳ್ಳುತ್ತವೆ. ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗುವುದುಂಟು. ಮುಂದೆ ಬರುವ ಆ ಖರ್ಚಿಗೆ ದೇಹ ಏಳೆಂಟು ತಿಂಗಳು ಮುಂಚಿತವಾಗಿಯೇ ಗಂಟು ಕಟ್ಟಿಡುತ್ತದೆ. ಬರಗಾಲದ ಅರಿವಿದ್ದ ಒಕ್ಕಲಿಗ ಹಗೇವಿನಲ್ಲಿ ಜೋಳ ತುಂಬಿಡುವಂತೆ ಎನ್ನಬಹುದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಏರುವ ರಕ್ತದಲ್ಲಿ ನೀರಿನ ಭಾಗವಾದ ಪ್ಲಾಸ್ಮಾ ಶೇಕಡಾ 40ರಿಂದ 50ರಷ್ಟು ಹೆಚ್ಚಿದರೆ ಕೆಂಪು ಕಣಗಳು ಹೆಚ್ಚುವುದು ಶೇಕಡಾ 20ರಿಂದ 30ರಷ್ಟು ಮಾತ್ರ. ರಕ್ತ ತೆಳುವಾಗುತ್ತದೆ. ತೆಳುವಾದ ರಕ್ತ ಮಾಸಿನ ಸಣ್ಣ ನಾಳಗಳಲ್ಲಿ ಸರಾಗವಾಗಿ ಹರಿಯುತ್ತದೆ ಎಂಬುದು ಇದರ ಪ್ರಯೋಜನ. ಪರಿಣಾಮವಾಗಿ ಆರೋಗ್ಯವಂತ ತಾಯಿಯಲ್ಲಿಯೂ ಹಿಮೋಗ್ಲೋಬಿನ್ ಅಂಕಿ ಒಂದಿಷ್ಟು ಇಳಿಯುತ್ತದೆ. ಬಸುರಿಗೆ ರಕ್ತ ಕಡಿಮೆಯಾಗುವುದು ಇದ್ದದ್ದೇ ಎಂಬ ಮನೆಮಾತು ಹುಟ್ಟಿರುವುದು ಇಲ್ಲಿಂದಲೇ. ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. 12 ಇದ್ದದ್ದು 11ಕ್ಕೆ ಇಳಿದರೆ ಸಹಜ. 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. 7ಕ್ಕಿಂತ ಕೆಳಗಾದರೆ ತೀವ್ರ ರಕ್ತಹೀನತೆ, ಅಂಥ ತಾಯಿಗೆ ಆಸ್ಪತ್ರೆಯ ಚಿಕಿತ್ಸೆ ತಡಮಾಡದೆ ಸಿಗಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಕರ್ನಾಟಕದ ಸ್ಥಿತಿಯೂ ಅರ್ಧಕ್ಕೆ ಸಮೀಪದಲ್ಲಿಯೇ ಇದೆ. ಹಗೇವು ತುಂಬಿಲ್ಲದೆ ಬೇಸಗೆಗೆ ಕಾಲಿಡುತ್ತಿರುವವರು ಇಷ್ಟು ಜನ.

ಬಸುರಿಯ ರಕ್ತಹೀನತೆಯ ಇತಿಹಾಸದಲ್ಲಿ ಭಾರತದ ಒಂದು ಅಧ್ಯಾಯ ನೆನೆಯುವಂಥದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಜವಳಿ ಗಿರಣಿಗಳಲ್ಲಿ ದುಡಿಯುವ ಬಡ ಹೆಣ್ಣುಮಕ್ಕಳು ಬಸುರಿಯಲ್ಲಿ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದ ಕಾಲ ಅದು. ಕಾಯಿಲೆ ಸೋಂಕಿನಿಂದ ಬಂದಿರಬಹುದೆಂದು ಹುಡುಕಿದರೂ ಏನೂ ಸಿಗಲಿಲ್ಲ. ಆಗ ಆಕೆ ಆ ತಾಯಂದಿರು ಏನು ಉಣ್ಣುತ್ತಾರೆ ಎಂಬುದನ್ನು ಗಮನಿಸಿದರು. ಸೊಪ್ಪು, ಹಣ್ಣು, ಹಾಲು ಅವರ ತಟ್ಟೆಗೆ ಬರುತ್ತಲೇ ಇರಲಿಲ್ಲ. ಹುದುಗು ಬರಿಸುವ ಯೀಸ್ಟಿನಿಂದ ತಯಾರಿಸಿದ ಅಗ್ಗದ ಸಾರವೊಂದನ್ನು ಕೊಟ್ಟು ನೋಡಿದಾಗ ಕೆಲವೇ ದಿನಗಳಲ್ಲಿ ಚೇತರಿಕೆ ಕಾಣಿಸಿತು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಅದರೊಳಗಿದ್ದ ಹೆಸರಿಲ್ಲದ ಸತ್ತ್ವವನ್ನು ವಿಲ್ಸ್ ಅಂಶವೆಂದೇ ಕರೆಯುತ್ತಿದ್ದರು. ಹತ್ತು ವರ್ಷಗಳ ಅನಂತರ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಇಂದು ಜಗತ್ತಿನ ಗರ್ಭಿಣಿಯರು ನುಂಗುವ ಆ ಪುಟ್ಟ ಮಾತ್ರೆಯ ಹಿಂದೆ ಮುಂಬಯಿಯ ಕೂಲಿ ತಾಯಂದಿರ ಸಂಕಟವಿದೆ.

ಫೋಲಿಕ್ ಆಮ್ಲದಷ್ಟೇ ಮುಖ್ಯವಾದುದು ಕಬ್ಬಿಣಾಂಶ. ಒಂದು ಬಸುರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಅದರಲ್ಲಿ 300ರಷ್ಟು ಮಗುವಿಗೂ ಮಾಸಿಗೂ, 500ರಷ್ಟು ತಾಯಿಯ ಹೊಸ ರಕ್ತಕ್ಕೆ, ಉಳಿದದ್ದು ದೇಹದಿಂದ ನಿತ್ಯ ಕಳೆದುಹೋಗುವುದಕ್ಕೆ. ಮಗು ತನ್ನ ಪಾಲನ್ನು ತಾಯಿಯಿಂದ ಮೊದಲು ಎಳೆದುಕೊಳ್ಳುತ್ತದೆ. ಕೊರತೆ ಬಿದ್ದರೆ ಮೊದಲು ಸೊರಗುವವಳು ತಾಯಿ. ಆ ಮೇಲೆ ಮಗುವಿನ ತೂಕವೂ ಇಳಿಯುತ್ತದೆ. ಸಸ್ಯಾಹಾರಿಗಳಾದ ನಾವು ತಿಳಿಯಬೇಕಾದದ್ದು ಇನ್ನೊಂದಿದೆ: ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣಾಂಶವನ್ನು ಕರುಳು ಸ್ವಲ್ಪ ಸ್ವಲ್ಪವೇ ಹೀರುತ್ತದೆ. ಜೊತೆಗೆ ನಿಂಬೆಹುಳಿ, ನೆಲ್ಲಿಕಾಯಿ, ಪೇರಲ ಇದ್ದರೆ ಹೆಚ್ಚು ಹೀರುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಕಡಿಮೆ. ಬೀಟ್‌ರೂಟ್ ತಿಂದರೆ ರಕ್ತ ಆಗುತ್ತದೆ ಎಂಬ ನಂಬಿಕೆ ಬಣ್ಣವನ್ನು ನೋಡಿ ಹುಟ್ಟಿದ್ದು. ನುಗ್ಗೆ ಸೊಪ್ಪು, ರಾಜಗಿರಿ ಸೊಪ್ಪು, ಹುರುಳಿ, ಕಡಲೆ, ಎಳ್ಳು ಇವೇ ನಮ್ಮ ಅಡುಗೆಮನೆಯ ಬಲ. ಹಾಲು, ಮೊಸರುಗಳಿಂದ ಬಿ-12 ಜೀವಸತ್ತ್ವ ಸಿಗುತ್ತದೆ. ಅದು ಸೊಪ್ಪು ಕಾಳುಗಳಿಂದ ಸಿಗುವುದಿಲ್ಲವಾದ್ದರಿಂದ ಸೊಸೆಯ ಪಾಲಿನ ಮೊಸರು ಕಡಿಮೆಯಾಗದಂತೆ ನೋಡಿಕೊಳ್ಳಬೇಕಾದವರು ಬಡಿಸುವವರು.

ಆದರೂ ಊಟವೊಂದರಿಂದಲೇ ಈ ಲೆಕ್ಕ ತುಂಬುವುದಿಲ್ಲ. ಆದ್ದರಿಂದ ಸರ್ಕಾರ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಹೆರಿಗೆಯಾದ ಮೇಲೂ ಮತ್ತೆ 180 ದಿನ. ಜಂತುಹುಳು ರಕ್ತ ಹೀರುವುದರಿಂದ ಎರಡನೆಯ ತ್ರೈಮಾಸಿಕದಲ್ಲಿ ಅದರ ಮಾತ್ರೆಯನ್ನೂ ಒಮ್ಮೆ ಕೊಡುತ್ತಾರೆ. ಈ ಮಾತ್ರೆಗಳು ಮನೆಗೆ ಬರುತ್ತವೆ, ಗೂಡಿನಲ್ಲಿಯೂ ಇರುತ್ತವೆ, ಹೊಟ್ಟೆಗೆ ಹೋಗುವುದಿಲ್ಲ. ನುಂಗಿದರೆ ಮಗು ಕಪ್ಪಾಗುತ್ತದೆ, ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ, ಮಾತ್ರೆ ಉಷ್ಣ ಎಂಬ ಮಾತುಗಳು ಹೆಚ್ಚಾಗಿ ಹಿರಿಯರ ಬಾಯಿಂದಲೇ ಬರುತ್ತವೆ. ಮಗುವಿನ ಮೈಬಣ್ಣ ತಂದೆತಾಯಿಗಳ ವಂಶದಿಂದ ಬರುವಂಥದು; ಮಾತ್ರೆಯಿಂದ ಕಪ್ಪಾಗುವುದು ತಾಯಿಯ ಮಲ ಮಾತ್ರ, ಅದರಿಂದ ಯಾವ ತೊಂದರೆಯೂ ಇಲ್ಲ. ವಾಕರಿಕೆಯಾದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಸುಣ್ಣಾಂಶದ ಮಾತ್ರೆಯನ್ನು ಇದರೊಡನೆ ಸೇರಿಸದೆ ಬೇರೆ ಹೊತ್ತಿನಲ್ಲಿ ಕೊಡಬೇಕು, ಏಕೆಂದರೆ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮಾತ್ರೆ ನುಂಗಿಯೂ ಅಂಕಿ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ವ್ಯವಸ್ಥೆ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಇದೆ.

ಮಗು ಚಿಕ್ಕದಿದ್ದರೆ ಹೆರಿಗೆ ಸುಲಭವೆಂದು ಬಸುರಿಯ ಊಟವನ್ನೇ ತಗ್ಗಿಸುವ ಪದ್ಧತಿಯೂ ಕೆಲವೆಡೆ ಇದೆ. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಒಂದೇ ಜಾಗವೆಂಬ ತಿಳಿವಳಿಕೆಯಿಂದ ಬಂದ ಭಯವಿದು. ಅನ್ನ ಹೋಗುವುದು ಜಠರಕ್ಕೆ, ಮಗು ಇರುವುದು ಗರ್ಭಕೋಶದಲ್ಲಿ. ಇನ್ನೊಂದು ತುದಿಯಲ್ಲಿ, ಎರಡು ಜೀವದವಳೆಂದು ಇಬ್ಬರ ಊಟ ಬಡಿಸುವ ಮನೆಗಳಿವೆ. ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ. ಒಂದು ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಲೋಟ ಹಾಲು ಸೇರಿದರೆ ಅಷ್ಟಾಯಿತು. ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ತೂಕ ಏರುವುದು ಸಾಮಾನ್ಯ. ಅದರಲ್ಲಿ ಮಗು ಮೂರು ಕಿಲೋ. ಮಿಕ್ಕಿದ್ದು ಮಾಸು, ಗರ್ಭಜಲ, ಗರ್ಭಕೋಶ, ಹೆಚ್ಚಿದ ರಕ್ತ, ಹಾಲೂಡಿಸುವ ದಿನಗಳಿಗೆಂದು ಕೂಡಿಟ್ಟ ಕೊಬ್ಬು.

ಹೆರಿಗೆಯ ಘಳಿಗೆಗೆ ಬರೋಣ. ಮಗು ಹೊರಬಂದ ಬಳಿಕ ಗರ್ಭಕೋಶದ ಸ್ನಾಯುಗಳು ಮುಷ್ಟಿ ಬಿಗಿದಂತೆ ಕುಗ್ಗಿ, ತಮ್ಮ ನಡುವೆ ಹಾದು ಹೋಗುವ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಬಸುರಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ಈ ಎರಡು ಕಾವಲುಗಳಲ್ಲಿ ಮೊದಲನೆಯದು ಸಡಿಲಿದರೆ ನಿಮಿಷ ನಿಮಿಷಕ್ಕೂ ಪ್ರಾಣ ಸೋರಿಹೋಗುತ್ತದೆ. ನಮ್ಮ ದೇಶದಲ್ಲಿ ತಾಯಂದಿರ ಮರಣಕ್ಕೆ ರಕ್ತಸ್ರಾವವೇ ಬಹುಮುಖ್ಯ ಕಾರಣ. ಗಟ್ಟಿ ರಕ್ತವಿದ್ದ ತಾಯಿ ಒಂದು ಲೀಟರ್ ಹೋದರೂ ಚಿಕಿತ್ಸೆ ಸಿಗುವವರೆಗೆ ತಡೆದಾಳು. ಹಿಮೋಗ್ಲೋಬಿನ್ 6 ಇದ್ದವಳಿಗೆ ಅದರ ಅರ್ಧ ಹೋದರೂ ಸಾಕು.

ಈ ವಿಷಯದಲ್ಲಿ ನಮ್ಮ ಬೆಳಗಾವಿ ಜಗತ್ತಿಗೇ ದಾರಿ ತೋರಿಸಿತು. ಅಲ್ಲಿನ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಡಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಹೆರಿಗೆಗಳನ್ನು ಅಧ್ಯಯನ ಮಾಡಿದರು. ಮಗು ಹುಟ್ಟಿದ ಕೂಡಲೇ ಹಳ್ಳಿಯ ದಾದಿಯರು ಅರ್ಧ ಮಂದಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟರು. ಅತಿಯಾದ ರಕ್ತಸ್ರಾವ ಮಾತ್ರೆಯಿಲ್ಲದವರಲ್ಲಿ ಶೇಕಡಾ 12 ಇದ್ದರೆ, ಮಾತ್ರೆ ಪಡೆದವರಲ್ಲಿ ಶೇಕಡಾ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು; 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಶೈತ್ಯದ ಪೆಟ್ಟಿಗೆ ಬೇಡದ, ಸೂಜಿ ಬೇಡದ ಮಾತ್ರೆಯಾದುದರಿಂದ ಆಸ್ಪತ್ರೆ ದೂರವಿರುವ ಕಡೆ ಇದು ಅನೇಕ ತಾಯಂದಿರನ್ನು ಉಳಿಸಿದೆ. 1916ರಲ್ಲಿ ಶಾಲೆಯೊಂದರಿಂದ ಆರಂಭವಾದ ಸಂಸ್ಥೆಯ ಅಂಗಳದಿಂದ ಇಂಥ ಕೆಲಸ ಹೊರಟಿತೆಂಬುದು ಸಮಾಜಕ್ಕೆ ಹೆಮ್ಮೆಯ ಸಂಗತಿ.

ರಕ್ತದ ಪ್ರಮಾಣ ಹೆಚ್ಚಿದರೂ ರಕ್ತದೊತ್ತಡ ಹೆಚ್ಚಬಾರದು. ಸಹಜ ಬಸುರಿಯಲ್ಲಿ ನಾಳಗಳು ಸಡಿಲಗೊಂಡು ನಡುವಿನ ತಿಂಗಳುಗಳಲ್ಲಿ ಒತ್ತಡ ತುಸು ಇಳಿದು, ಕೊನೆಗೆ ಮೊದಲಿನಷ್ಟಕ್ಕೆ ಬರುತ್ತದೆ. ಇಪ್ಪತ್ತು ವಾರಗಳ ಅನಂತರ ಅದು 140/90 ತಲುಪಿದರೆ ಅಪಾಯದ ಗಂಟೆ ಬಾರಿಸಿತೆಂದೇ ತಿಳಿಯಬೇಕು. ಸಂಜೆಯ ಹೊತ್ತಿಗೆ ಪಾದ ಊದಿ ಬೆಳಿಗ್ಗೆ ಇಳಿಯುವುದು ಸಾಮಾನ್ಯ. ಮುಖ ಮತ್ತು ಕೈಬೆರಳು ಊದಿಕೊಂಡು, ತಲೆನೋವು ಬಿಡದೆ, ಕಣ್ಣು ಮಂಜಾಗಿ, ಎದೆಗುಂಡಿಗೆಯ ಕೆಳಗೆ ನೋವು ಕಂಡರೆ ಅದೇ ದಿನ, ಅದೇ ತಾಸಿನಲ್ಲಿ ಆಸ್ಪತ್ರೆಗೆ ಹೊರಡಬೇಕು. ಮುಖ ತುಂಬಿಕೊಂಡು ಕಳೆ ಬಂದಿದೆ ಎಂದು ದೃಷ್ಟಿ ತೆಗೆಯುತ್ತ ಕೂತವರ ಮನೆಯಲ್ಲಿ ಮರುದಿನ ಸೆಳವು ಬಂದದ್ದುಂಟು. ಆ ಸೆಳವನ್ನು ಗಾಳಿಯ ಸೋಂಕೆಂದು ತಾಯತ ಕಟ್ಟಿದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟ. ಸೆಳವು ಬಾರದಂತೆ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದಿದೆ.

ಸಕ್ಕರೆಯ ವಿಷಯವೂ ಹೀಗೆಯೇ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲೆಂದು ಮಾಸಿನ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸವನ್ನು ತಗ್ಗಿಸುತ್ತವೆ. ತಾಯಿಯ ದೇಹ ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸದಿದ್ದರೆ ಬಸುರಿಯ ಮಧುಮೇಹವಾಗುತ್ತದೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ರಕ್ತ ನೋಡುವ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಆಗಬೇಕು. ಫಲಿತಾಂಶ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಅಗತ್ಯ. ಬಹುತೇಕರಿಗೆ ಊಟದ ಕ್ರಮ ಮತ್ತು ನಡಿಗೆಯೇ ಸಾಕಾಗುತ್ತದೆ.

ಉಳಿದ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. ಮೂತ್ರಪಿಂಡಗಳು ಒಂದೂವರೆ ಪಟ್ಟು ಸೋಸುತ್ತವೆ, ಗರ್ಭಕೋಶ ಮೂತ್ರಚೀಲವನ್ನು ಒತ್ತುತ್ತದೆ. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಕರುಳು ನಿಧಾನಗೊಂಡು ಎದೆಯುರಿ, ಮಲಬದ್ಧತೆ. ಕೆನ್ನೆಯಲ್ಲಿ ಬಂಗು, ಹೊಟ್ಟೆಯ ನಡುವೆ ಕಪ್ಪು ಗೆರೆ, ಚರ್ಮದಲ್ಲಿ ಬಿರುಕಿನ ಗುರುತು. ವಪೆ ನಾಲ್ಕು ಸೆಂಟಿಮೀಟರಿನಷ್ಟು ಮೇಲೇರುವುದರಿಂದ ಉಸಿರು ಸಾಲದಂತೆ ಅನಿಸುವುದು. ಭಾರ ಮುಂದಕ್ಕೆ ವಾಲುವುದರಿಂದ ಸೊಂಟ ಹಿಂದಕ್ಕೆ ಬಾಗುತ್ತದೆ. ಹೆಣ್ಣಿನ ಬೆನ್ನೆಲುಬಿನ ಕೆಳಭಾಗದಲ್ಲಿ ಈ ಬಾಗು ಮೂರು ಮಣಿಗಳಲ್ಲಿ ಹಂಚಿಕೊಂಡಿದ್ದರೆ ಗಂಡಿನಲ್ಲಿ ಎರಡರಲ್ಲಿ ಮಾತ್ರ ಎಂದು 2007ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಎರಡು ಕಾಲಿನ ಮೇಲೆ ನಿಂತ ಜೀವಿ ಬಸುರನ್ನೂ ಹೊರಬೇಕಾದಾಗ ಸೃಷ್ಟಿ ಮಾಡಿಕೊಂಡ ಏರ್ಪಾಡದು. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುವುದರಿಂದ ಮಗ್ಗುಲಾಗಿ, ವಿಶೇಷವಾಗಿ ಎಡಮಗ್ಗುಲಾಗಿ ಮಲಗುವುದು ಮೇಲು.

ಮಿದುಳೂ ಬದಲಾಗುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೇರೆಯವರ ಮನಸ್ಸನ್ನು ಅರಿಯುವ ಕೆಲಸ ಮಾಡುವ ಮಿದುಳಿನ ಭಾಗಗಳು ಬಸುರಿಯಲ್ಲಿ ಮಾರ್ಪಾಡಾಗಿ, ಹೆರಿಗೆಯಾಗಿ ಎರಡು ವರ್ಷಗಳಾದರೂ ಹಾಗೆಯೇ ಉಳಿದುದನ್ನು ದಾಖಲಿಸಿತು. ಅಳು, ಸಿಡುಕು, ಮರೆವು ಕಂಡಾಗ ಸೊಸೆಯ ಸ್ವಭಾವವನ್ನು ದೂರುವ ಮೊದಲು ಇದನ್ನು ನೆನೆಯಬೇಕು. ಬೇಸರ ವಾರಗಟ್ಟಲೆ ಕವಿದು, ಊಟ ನಿದ್ದೆ ಬಿಟ್ಟು, ಬದುಕೇ ಬೇಡವೆನ್ನುವ ಮಾತು ಬಂದರೆ ಅದು ಕಾಯಿಲೆ, ಅದಕ್ಕೂ ವೈದ್ಯರಿದ್ದಾರೆ.

ಏಳನೆಯ ತಿಂಗಳಲ್ಲಿ ಕುಬುಸ ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಮನೆಗಳೂ ಇವೆ. ತಾಯಿಯ ರಕ್ತ ಶಿಖರ ಮುಟ್ಟುವ, ಒತ್ತಡದ ತೊಂದರೆಗಳು ತಲೆಯೆತ್ತುವ ಕಾಲವೂ ಇದೇ. ಈ ಸಂಭ್ರಮದ ದಿನಗಳಲ್ಲಿ ಒಮ್ಮೆ ರಕ್ತ, ಒತ್ತಡ, ಮೂತ್ರ ಪರೀಕ್ಷೆ ಮಾಡಿಸುವುದನ್ನು ಪದ್ಧತಿಯೊಡನೆ ಸೇರಿಸಿಕೊಳ್ಳಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ತವರಿಗೆ ಹೊರಡುವಾಗ ಸೀರೆ, ಬಳೆ, ಬುತ್ತಿಯೊಡನೆ ತಾಯಿ ಕಾರ್ಡು, ಪರೀಕ್ಷೆಯ ಚೀಟಿಗಳು, ಮಿಕ್ಕ ಮಾತ್ರೆಗಳು ಕಡ್ಡಾಯವಾಗಿ ಚೀಲದಲ್ಲಿರಬೇಕು. ಹೊಸ ಊರಿನ ವೈದ್ಯರಿಗೆ ಆರು ತಿಂಗಳ ಚರಿತ್ರೆ ಹೇಳುವುದು ಅವು ಮಾತ್ರ. ಹೋದ ವಾರದಲ್ಲಿಯೇ ಅಲ್ಲಿನ ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಹೆಸರು ಬರೆಸಬೇಕು. ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಒಡೆದರೆ, ಒಂದು ಹನಿ ರಕ್ತ ಕಂಡರೂ ರಾತ್ರಿಯೆನ್ನದೆ 108ಕ್ಕೆ ಕರೆ ಮಾಡಬೇಕು.

ಹೆರಿಗೆಯಾದ ಮೊದಲ ವಾರ ಬಾಣಂತಿ ಮೈಯೆಲ್ಲ ಬೆವರುತ್ತಾಳೆ, ಹೆಚ್ಚು ಮೂತ್ರ ಮಾಡುತ್ತಾಳೆ. ಕೂಡಿಟ್ಟ ನೀರನ್ನು ದೇಹ ಹೊರಹಾಕುವ ಬಗೆ ಅದು. ಆದರೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಉತ್ಪಾದಿಸುವ ಹೊಣೆಯೂ ಅದೇ ದೇಹದ ಮೇಲೆ ಬೀಳುವುದರಿಂದ ನೀರು ಬಿಗಿಹಿಡಿಯುವ ಪದ್ಧತಿ ಸರಿಯಲ್ಲ. ಬಾಯಾರಿದಷ್ಟು ಕಾಯಿಸಿ ಆರಿಸಿದ ನೀರು ಕೊಡಬೇಕು. ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪಿನ ಪಲ್ಯ ಇವು ನಮ್ಮ ಅಜ್ಜಿಯರು ಕೊಟ್ಟ ಒಳ್ಳೆಯ ಬಳುವಳಿ. ಅಳವಿ ಬೀಜದಲ್ಲಿ ಕಬ್ಬಿಣಾಂಶ ಧಾರಾಳ. ಹಣ್ಣು, ಕಾಳು, ತರಕಾರಿಗಳನ್ನು ತಿಂಗಳುಗಟ್ಟಲೆ ನಿಷೇಧಿಸುವುದು ಮಾತ್ರ ಕೈಬಿಡಬೇಕಾದ ರೂಢಿ. ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಿಸುವುದೂ ಹಾಗೆಯೇ. ರಕ್ತ ಹೆಪ್ಪುಗಟ್ಟುವ ಗುಣ ಇನ್ನೂ ಕೆಲವು ವಾರ ಹೆಚ್ಚಾಗಿಯೇ ಇರುವುದರಿಂದ ಅವಳು ಮನೆಯೊಳಗೆ ನಡೆದಾಡಬೇಕು. ಒಂದೇ ಕಾಲು ಊದಿ ನೋವಾದರೆ ವೈದ್ಯರಿಗೆ ತೋರಿಸಬೇಕು. ಬಾಣಂತಿಯನ್ನು ಮೈಲಿಗೆಯೆಂದು ದೂರವಿಡುವ ಮಾತು ಶರಣರ ಹಾದಿಯವರಿಗೆ ಸಲ್ಲದು. ಜನನಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ಅವರು ಅಲ್ಲಗಳೆದರು. ಮೈಲಿಗೆಯ ಹೆಸರಿನಲ್ಲಿ ಹಳೆಯ ಬಟ್ಟೆ, ಒದ್ದೆ ಮೂಲೆ ಕೊಟ್ಟರೆ ಸೋಂಕು ತಗಲುತ್ತದೆ.

ಒಂದು ಕಿಲೋ ತೂಗುತ್ತಿದ್ದ ಗರ್ಭಕೋಶ ವಾರದಲ್ಲಿ ಅರ್ಧಕ್ಕಿಳಿದು, ಆರು ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಕಬ್ಬಿಣಾಂಶದ ಗಂಟು ಅಷ್ಟು ಬೇಗ ತುಂಬುವುದಿಲ್ಲ. ಮಾತ್ರೆ ಮುಂದುವರಿಸಿದರೂ ಅದಕ್ಕೆ ತಿಂಗಳುಗಳೇ ಬೇಕು. ಹೆರಿಗೆಯಿಂದ ಮುಂದಿನ ಬಸುರಿಯವರೆಗೆ ಕನಿಷ್ಠ ಎರಡು ವರ್ಷ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನೂ ಗಮನದಲ್ಲಿಟ್ಟುಕೊಂಡು. ಆರನೆಯ ವಾರದಲ್ಲಿ ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ತಾಯಿಯ ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿಕೊಂಡು ಬರಬೇಕು. ಆ ದಿನ ಎಲ್ಲರ ಕಣ್ಣೂ ಮಗುವಿನ ಮೇಲಿರುವುದರಿಂದ ಇದು ಮರೆತುಹೋಗುವುದೇ ಹೆಚ್ಚು.